ಮೈಕ್ ಕಿತ್ತುಕೊಂಡ ಮೇಲೆ ಮಾತಿನ ಹಕ್ಕು ಎಷ್ಟು ಉಳಿಯುತ್ತೆ?

ಹಿಂದಿನಸಾಲು

ಸಭೆ ಮಾಡಿ, ಅಡ್ಡಿಯಿಲ್ಲ. ಧ್ವನಿವರ್ಧಕ ಮಾತ್ರ ಬೇಡ. ಪ್ರತಿಭಟನೆಗೆ ಅನುಮತಿ ಕೇಳಲು ಹೋದವರಿಗೆ ಈ ಉತ್ತರ ಹೊಸದಲ್ಲ. ಕಾಗದದಲ್ಲಿ ಹಕ್ಕಿಗೆ ಏನೂ ಆಗಿಲ್ಲ, ಸೇರಬಹುದು, ಮಾತಾಡಬಹುದು. ಆದರೆ ನಾನು ಯಾವಾಗಲೂ ಕೊನೆಯಲ್ಲಿ ನಿಲ್ಲುವವನು. ಮೈಕ್ ಇಲ್ಲದ ಸಭೆಯಲ್ಲಿ ನನ್ನ ಪಾಲಿಗೆ ಬರುವುದು ಮುಂದಿನವರ ಬೆನ್ನು, ಯಾಕೆಂದು ಗೊತ್ತಾಗದ ಚಪ್ಪಾಳೆ, ಪಕ್ಕದವರ 'ಏನಂದ್ರು?'.

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ನಡೆದ 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯನ್ನು ಸಂಘಟಿಸಿದ ಬೇಯಾರ್ಡ್ ರಸ್ಟಿನ್ ಅವರು ಹಟ ಹಿಡಿದದ್ದು ಒಳ್ಳೆಯ ಧ್ವನಿವ್ಯವಸ್ಥೆಗೆ. ಕೇಳಿಸದ ಜನರನ್ನು ಶಿಸ್ತಿನಲ್ಲಿ ಇಡೋಕಾಗಲ್ಲ ಅನ್ನುವುದು ಅವರ ಲೆಕ್ಕ. ಹಿಂದಿನ ದಿನ ಯಾರೋ ಅದನ್ನು ಕೆಡಿಸಿದರು. ರಾತ್ರೋರಾತ್ರಿ ಸರಿಮಾಡಿದ್ದು ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್. ಎರಡು ಲಕ್ಷಕ್ಕೂ ಹೆಚ್ಚು ಜನ ಭಾಷಣ ಕೇಳಿಸಿಕೊಂಡದ್ದರ ಹಿಂದೆ ಈ ರಿಪೇರಿ ಇದೆ.

ಇದಕ್ಕೆ ಎದುರಿನ ತುದಿ 2011ರ ನ್ಯೂಯಾರ್ಕ್, 'ಆಕ್ಯುಪೈ ವಾಲ್ ಸ್ಟ್ರೀಟ್' ಚಳವಳಿಯವರು ಬೀಡುಬಿಟ್ಟಿದ್ದ ಜುಕೋಟಿ ಪಾರ್ಕ್. ಧ್ವನಿವರ್ಧಕಕ್ಕೆ ಪರವಾನಗಿ ಬೇಕು, ಪರವಾನಗಿ ಇಲ್ಲ. ಹಾಗಾಗಿ 'ಜನರ ಮೈಕ್'. ಮಾತಾಡುವವರು 'ಮೈಕ್ ಚೆಕ್' ಅಂತಾರೆ, ಸುತ್ತಲಿನವರು ಅದನ್ನೇ ಕೂಗುತ್ತಾರೆ. ಆಮೇಲೆ ನಾಲ್ಕೈದು ಪದ ಹೇಳಿ ನಿಲ್ಲುವುದು; ಹತ್ತಿರದವರು ಅದನ್ನು ಒಟ್ಟಾಗಿ ಹೇಳುವುದು; ಗುಂಪು ದೊಡ್ಡದಿದ್ದರೆ ಅವರ ಹಿಂದಿನವರು ಮತ್ತೊಮ್ಮೆ. ಮೂರನೆಯ ಅಲೆ ಮುಗಿಯುವ ತನಕ ಭಾಷಣಕಾರರು ಸುಮ್ಮನೆ ನಿಂತಿರಬೇಕು.

ಹೊಗಳಿ ಬರೆದವರು ಬಹಳ ಜನ. ನನಗೆ ಅಷ್ಟು ಸಮಾಧಾನವಿಲ್ಲ. ಮೈಕ್ ಅನ್ನುವುದು ಮಾತಿನ ಭಾಗವೋ, ಮಾತಿನ ಮೇಲಿನ ಸೌಕರ್ಯವೋ? ನಿಮ್ಮ ಅಭಿಪ್ರಾಯ ಬರೀರಿ.

ಮೈಕ್‌ಸೆಟ್ ಮಂಜ

ನನ್ನ ಕಸುಬೇ ಇದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಬಯಲಲ್ಲಿ ದೂರ ಎರಡರಷ್ಟು ಆದಾಗೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತೆ. ಜೋರು ಗಂಟಲಿನವರು ಒಂದು ಮೀಟರ್‌ನಲ್ಲಿ 80 ಕೊಟ್ರು ಅಂದ್ಕೊಳ್ಳಿ. 2 ಮೀಟರ್‌ಗೆ 74, 4ಕ್ಕೆ 68, 8ಕ್ಕೆ 62, 16ಕ್ಕೆ 56, 32ಕ್ಕೆ 50. ಗಾಡಿ ಓಡಾಡೋ ದೊಡ್ಡ ರಸ್ತೆ ಪಕ್ಕದ ಗದ್ದಲವೇ 65-70 ಇರುತ್ತೆ. ಅಂದ್ರೆ ಎಂಟನೇ ಮೀಟರ್‌ಗೇ ಭಾಷಣ ರಸ್ತೆಗಿಂತ ಕೆಳಗೆ ಬಿತ್ತು. ಆಚೆ ನಿಂತವರಿಗೆ ಕಾಣೋದು ಕೈ ಬೀಸೋದು ಅಷ್ಟೇ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಮಾತಿನ ಬಲ ಇರೋದು ಸ್ವರಗಳಲ್ಲಿ, ಅರ್ಥ ಬಿಡಿಸೋದು ವ್ಯಂಜನಗಳು. ತ, ಸ, ಚ, ಕ ಇವುಗಳ ಗುರುತು ಹೆಚ್ಚಾಗಿ 2000ದಿಂದ 4000 ಹರ್ಟ್ಸ್ ಆಸುಪಾಸು, ಅದೂ ಸಣ್ಣ ಸದ್ದು. ಗದ್ದಲದಲ್ಲಿ ಮೊದಲು ಮುಳುಗೋದು ಅವೇ. ಹಿಂದಿನ ಸಾಲಿಗೆ 'ಆ… ಓ… ಏ…' ಬರುತ್ತೆ. ಘೋಷಣೆ ಆದ್ರೆ ಪರವಾಗಿಲ್ಲ, ಮೊದಲೇ ಬಾಯಿಪಾಠ ಇರೋದ್ರಿಂದ ಕಿವಿ ತುಂಬಿಸಿಕೊಳ್ಳುತ್ತೆ. ಹೊಸ ವಿಷಯ ಹೇಳಿದ್ರೆ ಹೋಯ್ತು.

ಹಳೇ ಕಾಲದಲ್ಲಿ ಹೇಗೆ ಸಾವಿರಾರು ಜನಕ್ಕೆ ಕೇಳಿಸ್ತಿತ್ತು ಅಂತ ಕೇಳ್ತಾರೆ. ಬೆಂಜಮಿನ್ ಫ್ರಾಂಕ್ಲಿನ್ ಅವರು ಇದನ್ನ ನಡೆದೇ ಅಳೆದಿದ್ರು. 1739ರಲ್ಲಿ ಫಿಲಡೆಲ್ಫಿಯಾದ ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಜಾರ್ಜ್ ವೈಟ್‌ಫೀಲ್ಡ್ ಅನ್ನೋ ಬೋಧಕರು ಮಾತಾಡ್ತಿದ್ರು. ಫ್ರಾಂಕ್ಲಿನ್ ಮಾತು ಕೇಳಿಸಿಕೊಳ್ತಾ ನದಿ ಕಡೆ ಹಿಂದೆ ಹಿಂದೆ ಸರಿದರು. ಫ್ರಂಟ್ ಸ್ಟ್ರೀಟ್ ಹತ್ತಿರ ಬಂದಾಗ ಅಲ್ಲಿನ ಸದ್ದಿಗೆ ಮಾತು ಮಸುಕಾಯ್ತು. ಅಷ್ಟು ದೂರವನ್ನ ಅರ್ಧವೃತ್ತದ ತ್ರಿಜ್ಯ ಮಾಡಿ, ತಲೆಗೆ ಎರಡು ಚದರಡಿ ಜಾಗ ಇಟ್ಟು ಲೆಕ್ಕ ಹಾಕಿದ್ರೆ 30,000ಕ್ಕಿಂತ ಹೆಚ್ಚು ಬಂತು. ಆದ್ರೆ ಆ ಊರಲ್ಲಿ ಎಂಜಿನ್ ಇರ್ಲಿಲ್ಲ ಸ್ವಾಮಿ! ನಗರದ ಸದ್ದು ಬೆಳೀತು, ಗಂಟಲು ಬೆಳೀಲಿಲ್ಲ. ಮೈಕ್ ಬಂದಿದ್ದು ಆ ವ್ಯತ್ಯಾಸ ತುಂಬೋಕೆ. 1919ರ ಸೆಪ್ಟೆಂಬರ್ 19ಕ್ಕೆ ಸ್ಯಾನ್ ಡಿಯಾಗೋದಲ್ಲಿ ಅಧ್ಯಕ್ಷ ವಿಲ್ಸನ್ ಗಾಜಿನ ಗೂಡಿನೊಳಗೆ ನಿಂತು ಸುಮಾರು 50,000 ಜನಕ್ಕೆ ಮ್ಯಾಗ್ನವಾಕ್ಸ್ ಧ್ವನಿವರ್ಧಕದಲ್ಲಿ ಮಾತಾಡಿದ್ರು.

ಸೌಕರ್ಯ ಅನ್ನೋರು ಒಂದ್ಸಲ ರಸ್ತೆ ಪಕ್ಕ ನಿಂತು ಹತ್ತು ನಿಮಿಷ ಮಾತಾಡ್ಲಿ.

ನಿದ್ದೆಗೆಟ್ಟವಳು

ಸಭೆಗೆಂದೇ ಬಿಟ್ಟಿರುವ ಬಯಲಿನ ಎದುರು ನನ್ನ ಮನೆ. ಯಾವ ಪಕ್ಷದವರೂ ನನಗೆ ಶತ್ರುಗಳಲ್ಲ. ಎಲ್ಲರ ಭಾಷಣವನ್ನೂ ಅಡುಗೆಮನೆಯಲ್ಲೇ ಕೇಳುತ್ತೇನೆ, ಬೇಕಾದರೂ ಬೇಡವಾದರೂ. ಬೆಳಗ್ಗೆ 'ಹಲೋ, ಹಲೋ, ಒನ್ ಟೂ ತ್ರೀ' ಶುರುವಾದರೆ ಕಿಟಕಿ ಗಾಜು ಗುಂಯ್ ಅನ್ನುತ್ತೆ. ಭಾಷಣಕಾರರು ಊಟಕ್ಕೆ ಹೋದರೂ ಹಾಡು ನಿಲ್ಲಲ್ಲ.

ಕರಪತ್ರ ಕೊಟ್ಟರೆ ಓದಬಹುದು, ಮಡಚಿ ಇಡಬಹುದು. ಕಿವಿಗೆ ರೆಪ್ಪೆಯಿಲ್ಲ. ಮಾತಿನ ಹಕ್ಕಿನ ಚರ್ಚೆಯಲ್ಲಿ ಕೇಳದೇ ಇರುವವರ ಹಕ್ಕು ಎಲ್ಲಿ ಬರುತ್ತೆ?

ಕರಿಕೋಟು

ಮೇಡಂ, ನಿಮ್ಮ ಕರಪತ್ರದ ವಾದವನ್ನೇ ಅಮೆರಿಕದ ಸುಪ್ರೀಂ ಕೋರ್ಟ್ 1949ರ ಕೊವಾಕ್ಸ್ ಪ್ರಕರಣದಲ್ಲಿ ಹಿಡಿದಿತ್ತು. ಟ್ರೆಂಟನ್ ನಗರ ಬೀದಿಯಲ್ಲಿ ಅಬ್ಬರದ ಧ್ವನಿವರ್ಧಕದ ಗಾಡಿಗಳನ್ನು ನಿಷೇಧಿಸಿತ್ತು. ಕರಪತ್ರ ಬೇಡವೆಂದು ಮುಂದೆ ನಡೆಯಬಹುದು, ಮನೆಯೊಳಗೆ ನುಗ್ಗುವ ಸದ್ದಿನಿಂದ ತಪ್ಪಿಸಿಕೊಳ್ಳಲಾಗದು ಎಂಬ ಕಾರಣಕ್ಕೆ ನಿಷೇಧ ಉಳಿಯಿತು, 5-4ರ ಅಂತರದಲ್ಲಿ.

ಅದಕ್ಕೆ ಒಂದೇ ವರ್ಷ ಮೊದಲು, 1948ರ ಸಾಯಾ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಅದೇ 5-4ರಲ್ಲಿ ಉಲ್ಟಾ ಹೊಡೆದಿತ್ತು. ಅಲ್ಲಿ ಉದ್ಯಾನದಲ್ಲಿ ಮೈಕ್ ಹಚ್ಚಲು ಪೊಲೀಸ್ ಮುಖ್ಯಸ್ಥರ ಒಪ್ಪಿಗೆ ಬೇಕಿತ್ತು, ಯಾವಾಗ ಕೊಡಬೇಕು, ಯಾವಾಗ ನಿರಾಕರಿಸಬೇಕು ಎಂಬುದಕ್ಕೆ ಮಾನದಂಡವೇ ಇರಲಿಲ್ಲ. ಈ ಎರಡನ್ನೂ ಜೊತೆಯಲ್ಲಿಟ್ಟು ಓದಬೇಕು. ಸದ್ದಿಗೆ ಮಿತಿ ಹಾಕಬಹುದು. ಯಾರ ಸದ್ದು ಎಂದು ನೋಡಿ ಮಿತಿ ಹಾಕುವ ಅಧಿಕಾರ ಒಬ್ಬ ಅಧಿಕಾರಿಯ ಮರ್ಜಿಗೆ ಬಿಡುವಂತಿಲ್ಲ.

ಇಂಗ್ಲೆಂಡಿನ 2022ರ ಪೊಲೀಸ್ ಕಾಯ್ದೆ ನನಗೆ ಇರಿಸುಮುರಿಸು ತರುವುದು ಇಲ್ಲಿಯೇ. ಪ್ರತಿಭಟನೆಯ ಸದ್ದು ಹತ್ತಿರದ ಸಂಸ್ಥೆಯ ಕೆಲಸಕ್ಕೆ ಗಂಭೀರ ಅಡಚಣೆ ತರಬಹುದು ಎಂದು ಹಿರಿಯ ಪೊಲೀಸ್ ಅಧಿಕಾರಿಗೆ ಅನ್ನಿಸಿದರೆ ಷರತ್ತು ಹಾಕಬಹುದು. ಪ್ರತಿಭಟನೆ ಯಾರ ವಿರುದ್ಧವೋ ಅವರ ಬಾಗಿಲಲ್ಲೇ ತಾನೇ ನಡೆಯುವುದು? ಒಳಗಿನವರಿಗೆ ಕೇಳಿಸಿದರೆ ಅಡಚಣೆ, ಕೇಳಿಸದಿದ್ದರೆ ಬಂದದ್ದೇ ದಂಡ.

ಡೆಸ್ಕ್‌ರಾತ್ರಿ

ಮೈಕ್ ಇದ್ದರೂ ಹೊರಗೆ ಹೋಗುವುದು ಎಷ್ಟು ಗೊತ್ತೇ? ಒಳಗಿನ ಕಥೆ ಹೇಳುತ್ತೇನೆ.

ನಲವತ್ತು ನಿಮಿಷದ ಭಾಷಣದ ವಿಡಿಯೊ ನಮ್ಮ ಟಿವಿ ಸುದ್ದಿ ಡೆಸ್ಕ್‌ಗೆ ಬರುತ್ತದೆ. ಮೊದಲು ಹುಡುಕುವುದು ಬೈಟ್, ಅಂದರೆ ಪ್ರಸಾರಕ್ಕೆ ಆಯ್ದ ತುಣುಕು: ಹತ್ತು ಹನ್ನೆರಡು ಸೆಕೆಂಡಿನದು, 'ಆದ್ದರಿಂದ', 'ಹಾಗಿದ್ದರೂ' ಅಂತ ಶುರುವಾಗದ್ದು. ಕಾರಣ ವಿವರಿಸಿದ ಭಾಗ ಅಲ್ಲಿಗೇ ಬಿತ್ತು. ಆಮೇಲೆ ಉಳಿದ ದೃಶ್ಯದ ಸದ್ದನ್ನು ತಗ್ಗಿಸಿ ಅದರ ಮೇಲೆ ನಿರೂಪಕರ ದನಿ. ಜನ ಬಾಯಿ ತೆರೆದು ಕೂಗುತ್ತಿರುತ್ತಾರೆ, ಕೇಳುವುದು ನಮ್ಮ ಮಾತು. ಕೆಟ್ಟ ಉದ್ದೇಶದಿಂದಲ್ಲ, ಕೆಲಸದ ಕ್ರಮವೇ ಹಾಗಿದೆ. ದಿನಾ ಮಾಡುವಾಗ ಯೋಚಿಸುವುದೂ ಇಲ್ಲ.

ಟಿವಿಯ ಸುದ್ದಿ ಸಮಯವನ್ನೇ ಜನ ಎದುರಿಸಿದ ಎರಡು ಪ್ರಸಂಗ ನನಗೆ ಬಹಳ ಇಷ್ಟ. ಪೋಲೆಂಡಿನ ಶ್ವಿಡ್ನಿಕ್ ಪಟ್ಟಣ, ಫೆಬ್ರವರಿ 1982, ಸೇನಾಡಳಿತ. ಸಂಜೆ 7.30ಕ್ಕೆ ಸರ್ಕಾರಿ ಟಿವಿ ಸುದ್ದಿ ಶುರುವಾಗುತ್ತಿದ್ದಂತೆ ಜನ ಮನೆಬಿಟ್ಟು ವಾಯುವಿಹಾರಕ್ಕೆ ಹೊರಟರು. ಕೆಲವರು ಟಿವಿಯನ್ನು ಕಿಟಕಿಗೆ ಬೀದಿಯತ್ತ ಮುಖ ಮಾಡಿ ಇಟ್ಟರು. ಘೋಷಣೆ ಇಲ್ಲ, ಫಲಕ ಇಲ್ಲ. ಆಡಳಿತ ಕೊನೆಗೆ ಕರ್ಫ್ಯೂವನ್ನೇ ಸಂಜೆ 7ಕ್ಕೆ ಎಳೆಯಿತು. ಇನ್ನೊಂದು ಬೆಲ್‌ಗ್ರೇಡ್, 1996-97ರ ಚಳಿಗಾಲ. ಅಲ್ಲೂ ಸರ್ಕಾರಿ ಸುದ್ದಿ 7.30ಕ್ಕೇ. ಇವರು ಕಿಟಕಿ ತೆಗೆದು ಪಾತ್ರೆ ಬಡಿದರು, ಸೀಟಿ ಊದಿದರು, ಸುದ್ದಿ ಮುಗಿಯುವ ತನಕ. ಒಂದು ಊರು ಕೇಳದೆ ಎದ್ದು ಹೋಯಿತು, ಇನ್ನೊಂದು ಕೇಳಿಸದಂತೆ ಮಾಡಿತು. ಎರಡರಲ್ಲೂ ಮೈಕ್ ಇಲ್ಲ, ಅನುಮತಿ ಕೇಳುವ ಪ್ರಶ್ನೆಯೂ ಇಲ್ಲ.

ಪಾಪದಹುಡುಗ

ಮೌನವೇ ದೊಡ್ಡ ಪ್ರತಿಭಟನೆ ಅಂತ ನನ್ನ ಅನಿಸಿಕೆ. 2013ರಲ್ಲಿ ಇಸ್ತಾಂಬುಲ್‌ನ ತಕ್ಸೀಮ್ ಚೌಕದಲ್ಲಿ ಎರ್ದೆಮ್ ಗುಂದುಜ್ ಸುಮ್ಮನೆ ಗಂಟೆಗಟ್ಟಲೆ ನಿಂತರಲ್ಲ. 2022ರಲ್ಲಿ ಚೀನಾದಲ್ಲಿ ಜನ ಖಾಲಿ ಬಿಳಿ ಹಾಳೆ ಹಿಡಿದರಲ್ಲ. ಮೈಕ್ ಯಾಕೆ ಬೇಕು?

ಹಿಂದಿನಸಾಲು

» ಮೈಕ್ ಯಾಕೆ ಬೇಕು?

ತಮ್ಮಾ, ಖಾಲಿ ಹಾಳೆ ಅರ್ಥವಾದದ್ದು ಅದರಲ್ಲಿ ಏನು ಬರೆಯಬೇಕಿತ್ತು ಅಂತ ನೋಡಿದವರಿಗೆ ಮೊದಲೇ ಗೊತ್ತಿದ್ದರಿಂದ. ಮಂಜ ಅವರು ಘೋಷಣೆ ಬಗ್ಗೆ ಹೇಳಿದ್ದೂ ಇದನ್ನೇ. ಗೊತ್ತಿದ್ದದ್ದನ್ನು ನೆನಪಿಸಲು ಮೌನ ಸಾಕು, ಪಾತ್ರೆ ಸಾಕು. ಗೊತ್ತಿಲ್ಲದ್ದನ್ನು ತಿಳಿಸಬೇಕಾದಾಗ ಏನು ಮಾಡುತ್ತೀರಿ? 'ಈ ಆದೇಶದ ಮೂರನೇ ಷರತ್ತು ಓದಿ, ಅದರಿಂದ ಹೀಗಾಗುತ್ತದೆ, ಅದಕ್ಕೆ ಬದಲಾಗಿ ಹೀಗೆ ಮಾಡಬಹುದು' ಅನ್ನುವ ಮಾತು ಬಿಳಿ ಹಾಳೆಯಿಂದ ಬರಲ್ಲ. ಜನರ ಮೈಕ್‌ನಲ್ಲೂ ಬರಲ್ಲ, ನಾಲ್ಕು ಪದಕ್ಕೊಮ್ಮೆ ತುಂಡಾದರೆ 'ಆದರೆ' ಬರುವ ಹೊತ್ತಿಗೆ ಮೊದಲರ್ಧ ಮರೆತಿರುತ್ತದೆ.

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ, ಸೇನಾಡಳಿತದಲ್ಲಿ ಕಾಣೆಯಾದ ಮಕ್ಕಳ ತಾಯಂದಿರು ಏಪ್ರಿಲ್ 1977ರಲ್ಲಿ ಮಾಯೋ ಚೌಕಕ್ಕೆ ಬಂದರು. ಗುಂಪಾಗಿ ನಿಲ್ಲುವಂತಿಲ್ಲ, ನಡೀರಿ ಅಂದರು ಪೊಲೀಸರು. ಅವರು ಜೋಡಿ ಜೋಡಿಯಾಗಿ ಸ್ಮಾರಕದ ಸುತ್ತ ನಡೆದರು. ನಿರ್ಬಂಧ ಹಾಕಿದವರೇ ಪ್ರತಿಭಟನೆಗೆ ಆಕಾರ ಕೊಟ್ಟಂತಾಯಿತು. ಇವನ್ನೆಲ್ಲ ನಾನೂ ಮೆಚ್ಚುತ್ತೇನೆ. ಆದರೆ ಮೆಚ್ಚುಗೆಯ ಭರದಲ್ಲಿ ನಷ್ಟದ ಲೆಕ್ಕ ತಪ್ಪುತ್ತಿದೆ. ಮೈಕ್ ಬೇಡ ಅಂದರೆ ಘೋಷಣೆಗೆ ಏನೂ ಆಗಲ್ಲ, ಸಾಯುವುದು ವಾದ. ಆಮೇಲೆ ಅದೇ ಜನರನ್ನು ನೋಡಿ 'ಇವರಿಗೆ ಕೂಗೋದು ಬಿಟ್ಟು ಬೇರೇನೂ ಗೊತ್ತಿಲ್ಲ' ಅನ್ನುತ್ತಾರೆ.

ಎಡಕಿವಿ

ನನಗೆ ಒಂದು ಕಿವಿ ಪೂರ್ತಿ ಇಲ್ಲ, ಇನ್ನೊಂದಕ್ಕೆ ಶ್ರವಣ ಸಾಧನ. ಇಲ್ಲಿ ಎಲ್ಲರೂ ಕೇಳಿಸುವುದನ್ನು ಜೋರಿನ ಲೆಕ್ಕದಲ್ಲೇ ಅಳೆಯುತ್ತಿದ್ದೀರಿ. ಹಾರ್ನ್ ಸ್ಪೀಕರ್‌ನ ಮುಂದೆ ನಿಂತರೆ ನನಗೆ ನೋವಾಗುತ್ತೆ, ಒಂದು ಪದವೂ ಸಿಗಲ್ಲ. ನೂರಾರು ಜನ ಒಂದೇ ವಾಕ್ಯವನ್ನು ಅರ್ಧರ್ಧ ಸೆಕೆಂಡ್ ಹಿಂದೆಮುಂದೆ ಹೇಳಿದರೆ ಅದು ಮಳೆಯ ಸದ್ದು. ನನಗೆ ಬೇಕಾದ್ದು ಸಂಜ್ಞಾಭಾಷೆಯ ಅನುವಾದಕರು ಅಥವಾ ಅಕ್ಷರ ಓಡುವ ಒಂದು ಪರದೆ.

ಮಾರ್ಚ್ 1988ರಲ್ಲಿ ವಾಷಿಂಗ್ಟನ್‌ನಲ್ಲಿ ಕಿವುಡರಿಗೆಂದೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯದಲ್ಲಿ ಕಿವುಡ ವಿದ್ಯಾರ್ಥಿಗಳು ಕ್ಯಾಂಪಸ್ ಮುಚ್ಚಿಸಿದರು. ಕಿವುಡರೇ ಅಧ್ಯಕ್ಷರಾಗಬೇಕು ಅನ್ನುವುದು ಬೇಡಿಕೆ. ಮಂಡಳಿಯ ಮುಖ್ಯಸ್ಥೆ ಸಭೆಯಲ್ಲಿ ಮಾತಾಡಲು ನಿಂತಾಗ ಬೆಂಕಿ ಎಚ್ಚರಿಕೆಯ ಗಂಟೆಗಳು ಹೊಡೆದುಕೊಳ್ಳುತ್ತಿದ್ದವು. ಈ ಗಲಾಟೆಯಲ್ಲಿ ಮಾತಾಡೋದು ಕಷ್ಟ ಅಂದರು ಆಕೆ. ಯಾವ ಗಲಾಟೆ, ನೀವು ಸಂಜ್ಞೆಯಲ್ಲಿ ಹೇಳಿದರೆ ನಮಗೆ ಕೇಳುತ್ತೆ ಅಂತ ಉತ್ತರ ಬಂತು. ಒಂದು ವಾರದೊಳಗೆ ಕಿವುಡರೇ ಆದ ಐ. ಕಿಂಗ್ ಜೋರ್ಡನ್ ಅಧ್ಯಕ್ಷರಾದರು.

ಮೈಕ್‌ಸೆಟ್ ಮಂಜ

ಆಹಾ! ಈ ಕಥೆ ನನ್ನ ಹುಡುಗರಿಗೆಲ್ಲ ಹೇಳ್ತೀನಿ.

ಜೋರಿನ ಬಗ್ಗೆ ಅಂದ್ರೆ, ಸರ್ಕಾರದ ಕಡೆಯ ಸ್ಪೀಕರ್‌ಗೆ ಯಾರೂ ಮಿತಿ ಕೇಳಲ್ಲ ಅನ್ನೋದೂ ನೆನಪಿರ್ಲಿ. 2009ರಲ್ಲಿ ಪಿಟ್ಸ್‌ಬರ್ಗ್‌ನ ಜಿ20 ವೇಳೆ ಪೊಲೀಸರು ಪ್ರತಿಭಟನಕಾರರ ಮೇಲೆ ತಿರುಗಿಸಿದ್ದು ಎಲ್‌ಆರ್‌ಎಡಿ ಅನ್ನೋ ಸದ್ದಿನ ಯಂತ್ರ. ಭಾಷಣಕ್ಕಲ್ಲ, ಜನ ಚದುರಿಸೋಕೆ. 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ವಿದ್ಯಾರ್ಥಿಗಳದ್ದೇ ಪ್ರಸಾರ ಕೇಂದ್ರ ಇತ್ತು, ಸರ್ಕಾರದ ಧ್ವನಿವರ್ಧಕಗಳೂ ಅದೇ ಚೌಕದಲ್ಲಿ ಒದರುತ್ತಿದ್ವು.

ಪ್ಯಾಕೆಟ್

ಬೀದಿಯ ಮೈಕ್ ಬಗ್ಗೆಯೇ ಮಾತು ನಡೀತಿದೆ. ಈಗ ಮೈಕ್ ಅಂದರೆ ಜೇಬಿನ ಫೋನ್ ತಾನೇ?

2011ರ ಜನವರಿ ಕೊನೆಯಲ್ಲಿ ಈಜಿಪ್ಟ್ ಇಂಟರ್‌ನೆಟ್ ಕಡಿದಾಗ ಗೂಗಲ್, ಟ್ವಿಟರ್, ಸೇನೌ ಅನ್ನೋ ಧ್ವನಿಸಂದೇಶದ ಕಂಪನಿ ಸೇರಿ ಒಂದು ದಾರಿ ಮಾಡಿದವು. ಸಾದಾ ದೂರವಾಣಿಯಿಂದ ಒಂದು ನಂಬರಿಗೆ ಕರೆ ಮಾಡಿ ಮಾತಾಡಿದರೆ ಆ ಧ್ವನಿಮುದ್ರಣದ ಕೊಂಡಿ ಟ್ವಿಟರ್‌ಗೆ ಹೋಗುತ್ತಿತ್ತು. 2014ರ ಹಾಂಕಾಂಗ್ ಪ್ರತಿಭಟನೆಯಲ್ಲಿ ಫೈರ್‌ಚಾಟ್ ಆ್ಯಪ್, 2019ರಲ್ಲಿ ಬ್ರಿಡ್ಜ್‌ಫೈ ಆ್ಯಪ್: ಬ್ಲೂಟೂತ್‌ನಲ್ಲಿ ಫೋನ್‌ನಿಂದ ಫೋನ್‌ಗೆ ಸಂದೇಶ ಜಿಗಿಯುತ್ತೆ, ಜನ ಒತ್ತಾಗಿ ನಿಂತಷ್ಟೂ ಒಳ್ಳೆಯದು. ಜುಕೋಟಿಯ ಜನರ ಮೈಕ್ ಕೂಡ ತತ್ವದಲ್ಲಿ ಇದೇ. ಆದರೆ ಬ್ರಿಡ್ಜ್‌ಫೈಯಲ್ಲಿ ಸಂದೇಶ ಕದ್ದು ಓದುವುದೂ ಯಾರು ಯಾರ ಜೊತೆ ಮಾತಾಡಿದರು ಅಂತ ಪತ್ತೆ ಹಚ್ಚುವುದೂ ಸಾಧ್ಯ ಅಂತ ಲಂಡನ್‌ನ ರಾಯಲ್ ಹಾಲೊವೇ ಸಂಶೋಧಕರು 2020ರಲ್ಲಿ ತೋರಿಸಿದರು. ಹೊಸ ಆ್ಯಪ್ ಹೆಸರು ಕೇಳಿದ ಕೂಡಲೇ ಗುಂಪಿಗೆಲ್ಲ ಹಾಕಿಸುವವರು ಇದನ್ನು ಗಮನಿಸಿ.

ಇನ್ನೊಂದು. ಜನಸಂದಣಿಯಲ್ಲಿ ನೆಟ್ ನಿಂತರೆ ಎಲ್ಲವೂ ಷಡ್ಯಂತ್ರವಲ್ಲ. ಎಲ್ಲರೂ ಒಟ್ಟಿಗೆ ಲೈವ್ ವಿಡಿಯೊ ಏರಿಸಲು ಹೊರಟರೆ ಟವರ್ ಉಸಿರುಗಟ್ಟುತ್ತೆ. ಆಗ ಸಾದಾ ಎಸ್‌ಎಂಎಸ್ ಎಷ್ಟೋ ಸಲ ದಾಟುತ್ತೆ.

ಕರಿಕೋಟು

ಕಡಿದದ್ದು ಆದೇಶದಿಂದಲೇ ಆಗಿದ್ದರೆ 2020ರ ಜನವರಿ 10ರ ತೀರ್ಪನ್ನು ನೋಡಿ. ಇಂಟರ್‌ನೆಟ್ ಮೂಲಕ ಅಭಿವ್ಯಕ್ತಿಯೂ 19ನೇ ವಿಧಿಯ ರಕ್ಷಣೆಯಲ್ಲಿದೆ, ಅನಿರ್ದಿಷ್ಟಾವಧಿ ಸ್ಥಗಿತ ಒಪ್ಪತಕ್ಕದ್ದಲ್ಲ, ಆದೇಶ ಪ್ರಕಟಿಸಬೇಕು ಎಂದಿದೆ ನಮ್ಮ ಸುಪ್ರೀಂ ಕೋರ್ಟ್. ಪ್ರಕಟವಾದ ಆದೇಶವನ್ನು ಮಾತ್ರ ಪ್ರಶ್ನಿಸಲು ಸಾಧ್ಯ, ಅದೇ ಮುಖ್ಯ.

ಆದರೆ ಫೋನನ್ನು ಚೌಕ ಎಂದುಕೊಳ್ಳುವಾಗ ಜಾಗ ಯಾರದ್ದು ಎಂದೂ ಕೇಳಬೇಕು. ಇಂಗ್ಲೆಂಡಿನ ಒಂದು ಪಟ್ಟಣದ ನಡುವೆಯೇ ಇದ್ದ ಖಾಸಗಿ ಮಾಲ್ ಸಹಿ ಸಂಗ್ರಹಕ್ಕೆ ಜಾಗ ಕೊಡಲಿಲ್ಲ. 2003ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಆ್ಯಪಲ್ಬಿ ಪ್ರಕರಣದಲ್ಲಿ, ಬೇರೆ ದಾರಿಗಳಿದ್ದವು, ಹಕ್ಕಿನ ಉಲ್ಲಂಘನೆ ಆಗಿಲ್ಲ ಎಂದಿತು. ಜುಕೋಟಿಯೂ ಖಾಸಗಿ ಒಡೆತನದ ಜಾಗವೇ. ನಮ್ಮ ಹರಟೆಯೆಲ್ಲ ನಡೆಯುವ ಆ್ಯಪ್‌ಗಳು ಅಂಥ ಮಾಲ್‌ಗಳು.

ನಿದ್ದೆಗೆಟ್ಟವಳು

ಇಷ್ಟು ದೇಶ ಸುತ್ತಿದಿರಿ, ನನ್ನ ಕಿಟಕಿಗೆ ಯಾರೂ ಬರಲಿಲ್ಲ. ವಾದ ಕೇಳಿಸಬೇಕು ಅನ್ನುವುದನ್ನು ಒಪ್ಪುತ್ತೇನೆ. ಬಯಲಲ್ಲಿ ನಿಂತವರಿಗೆ ಕೇಳಿಸಲು ನನ್ನ ಮನೆಯೊಳಗೆ ಯಾಕೆ ಕೇಳಿಸಬೇಕು?

ಮೈಕ್‌ಸೆಟ್ ಮಂಜ

ಅಕ್ಕಾ, ಕೇಳಿಸಬೇಕಿಲ್ಲ. ವೇದಿಕೆ ಪಕ್ಕ ಎರಡು ಹಾರ್ನ್ ಕಟ್ಟಿ ಇಡೀ ಬಯಲನ್ನ ಅದರಲ್ಲೇ ತುಂಬಿಸೋಕೆ ಹೋಗೋದ್ರಿಂದ ಈ ಪಾಡು.

ಲೆಕ್ಕ ನೋಡಿ. 64 ಮೀಟರ್ ಆಚೆ ಇರೋ ಕೊನೇ ಸಾಲಿಗೆ 70 ಡೆಸಿಬೆಲ್ ಬೇಕು. ಒಂದೇ ಕಡೆಯಿಂದ ಕೊಟ್ರೆ ಸ್ಪೀಕರ್‌ನಿಂದ 2 ಮೀಟರ್‌ನಲ್ಲಿ 100 ಇರಬೇಕು. ಆ ಮಟ್ಟದಲ್ಲಿ ಹದಿನೈದು ನಿಮಿಷ ನಿಂತ್ರೆ ಮುಂದಿನ ಸಾಲಿನವರ ಕಿವಿಗೆ ದಿನದ ಮಿತಿ ಮುಗೀತು. ಅದರ ಬದಲು ಸಣ್ಣ ಬಾಕ್ಸ್‌ಗಳನ್ನ ಜನರ ನಡುವೆ ಹಂಚಿ, ಯಾರೂ ಯಾವುದಕ್ಕೂ 16 ಮೀಟರ್‌ಗಿಂತ ದೂರ ಇಲ್ಲದ ಹಾಗೆ ನೋಡ್ಕೊಂಡ್ರೆ ಪ್ರತಿ ಬಾಕ್ಸ್‌ಗೆ 2 ಮೀಟರ್‌ನಲ್ಲಿ 88 ಸಾಕು. ನಾಲ್ಕು ಬಾಕ್ಸ್ ಸೇರಿ ದೂರದ ಮನೆಗೆ ಹೆಚ್ಚಂದ್ರೆ 6 ಜಾಸ್ತಿ ಆಗ್ಬಹುದು. ಆದ್ರೂ ಹಾರ್ನ್‌ಗಿಂತ 6 ಕಮ್ಮಿ. ಬಾಕ್ಸ್‌ಗಳ ಬೆನ್ನು ಮನೆಗಳ ಕಡೆ ಮಾಡಿದ್ರೆ ಇನ್ನೂ ಕಮ್ಮಿ.

ಡಿಲೇ ಮರೀಬಾರದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ವೇದಿಕೆಯಿಂದ 34 ಮೀಟರ್ ಆಚೆ ಇರೋ ಬಾಕ್ಸ್ ನೂರು ಮಿಲಿಸೆಕೆಂಡ್ ತಡವಾಗಿ ಮಾತಾಡ್ಬೇಕು, ಇಲ್ದಿದ್ರೆ ಹಿಂದಿನವರಿಗೆ ಎರಡೆರಡು ಸಲ ಕೇಳುತ್ತೆ. ಈ ಕೆಲಸಕ್ಕೆ ಮೈಕ್‌ಸೆಟ್‌ನವರು ಒಂದು ಗಂಟೆ ಮುಂಚೆ ಬರ್ಬೇಕು. ಅಷ್ಟು ಮುಂಚೆ ಒಳಗೆ ಬಿಡದೇ ಇರೋದೂ ಒಂದು ನಿಷೇಧವೇ, ಅದನ್ನ ಯಾರೂ ಆದೇಶದಲ್ಲಿ ಬರೆಯಲ್ಲ.

ಕರಿಕೋಟು

ಇದು ಅರ್ಜಿಗೆ ಬೇಕಾದ ಮಾತು. ಬಾಕ್ಸ್‌ಗಳ ಜಾಗದ ನಕ್ಷೆ, ಮನೆಗಳ ಬಳಿ ಇಷ್ಟು ಡೆಸಿಬೆಲ್ ಮೀರುವುದಿಲ್ಲ ಎಂಬ ಒಪ್ಪಿಗೆ, ಸಮಯ. ಇವನ್ನು ಲಗತ್ತಿಸಿ ಕೇಳಿದರೆ 'ಶಬ್ದಮಾಲಿನ್ಯ' ಎಂಬ ಒಂದೇ ಪದದಲ್ಲಿ ತಳ್ಳಿಹಾಕುವುದು ಕಷ್ಟ. ಕಾರಣ ಬರೆಯಬೇಕಾಗುತ್ತದೆ.

ನಿದ್ದೆಗೆಟ್ಟವಳು

ಅಳೆಯುವವರು ಯಾರು? ಪೊಲೀಸರೋ, ನೀವೋ?

ಮೈಕ್‌ಸೆಟ್ ಮಂಜ

ನಿಮ್ಮ ಕಿಟಕಿಯಲ್ಲೇ ಅಳೀಬೇಕು, ನಿಮ್ಮ ಎದುರಿಗೇ. ಸಭೆ ಶುರುವಾಗೋ ಮುಂಚೆ ರಸ್ತೆಯ ಸದ್ದು ಎಷ್ಟಿದೆ ಅಂತ ಮೊದಲು ಬರ್ಕೊಳ್ಳಿ, ಇಲ್ದಿದ್ರೆ ಬಸ್ಸಿನ ಹಾರ್ನೂ ನಮ್ಮ ಲೆಕ್ಕಕ್ಕೆ ಬೀಳುತ್ತೆ. ಫೋನ್ ಆ್ಯಪ್ ಅಂದಾಜಿಗೆ ಸಾಕು, ತಕರಾರು ಬಂದ್ರೆ ಮೀಟರ್ ಬೇಕು.

ಹಿಂದಿನಸಾಲು

ಎರಡನೇ ಮೈಕ್ ಒಂದನ್ನು ಕೊನೇ ಸಾಲಿನಲ್ಲಿ ಇಡಲು ಆಗುತ್ತಾ? ವೇದಿಕೆಯವರನ್ನು ಪ್ರಶ್ನೆ ಕೇಳಲು. ಒಳ್ಳೆಯ ಸೌಂಡ್ ಸಿಸ್ಟಂ ಇದ್ದ ಕಡೆ ಅದು ಒಬ್ಬರ ಕೈಯಲ್ಲೇ ಉಳಿದು, ಉಳಿದವರು ಬರೀ ಚಪ್ಪಾಳೆಯವರಾಗುವುದನ್ನೂ ನೋಡಿದ್ದೇನೆ. ಜನರ ಮೈಕ್‌ನಲ್ಲಿ ಅಷ್ಟಾದರೂ ಇತ್ತು, ಯಾರು ಬೇಕಾದರೂ 'ಮೈಕ್ ಚೆಕ್' ಅನ್ನಬಹುದಿತ್ತು.

ಮೈಕ್‌ಸೆಟ್ ಮಂಜ

ಇಡಬಹುದು. ಕಾರ್ಡ್‌ಲೆಸ್ ಕೊಡ್ತೀನಿ, ಆದ್ರೆ ಬಾಕ್ಸ್ ಮುಂದೆ ಹಿಡ್ಕೊಂಡು ನಿಂತ್ರೆ ಕುಂಯ್ ಅನ್ನುತ್ತೆ, ಪಕ್ಕಕ್ಕೆ ನಿಲ್ಲೋಕೆ ಹೇಳಿ.

ಎಡಕಿವಿ

ಪರದೆ?

ಮೈಕ್‌ಸೆಟ್ ಮಂಜ

ಮರೆತಿಲ್ಲ ಸಾರ್. ಪರದೆಗೆ ಕರೆಂಟ್ ಬೇಕು, ಜನರೇಟರ್ ತಂದ್ರೆ ಅದರ ಗುಡುಗುಡು ಅಕ್ಕನ ಕಿಟಕಿಗೆ ಹೋಗುತ್ತೆ. ಬ್ಯಾಟರಿ, ಇನ್ವರ್ಟರ್‌ನಲ್ಲಿ ಮೂರು ಗಂಟೆ ಎಳೆಯುತ್ತಾ ಅಂತ ಲೆಕ್ಕ ಹಾಕಿ ನಾಳೆ ಇಲ್ಲೇ ಹಾಕ್ತೀನಿ. ಟೈಪ್ ಮಾಡೋಕೆ ಬೆರಳು ಓಡೋ ಇಬ್ಬರು ಬೇಕು, ಅದು ನನ್ನ ಕೈಲಾಗಲ್ಲ.

ಡೆಸ್ಕ್‌ರಾತ್ರಿ

ಒಬ್ಬ ನಾನು.